ಗುಡ್ಡದ ಗಾಳಿಯೂ ಧ್ರುವದ ಮುಗಿಲೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುವುದನ್ನು ವಾಚಕರೆಲ್ಲರೂ ಕಂಡಿರುವರು. ಮುಂಗಾರಿನ ಈ ಗಾಳಿಯು ಜೋಗಿಮಟ್ಟಿಯನ್ನು ಹತ್ತಿಳಿದ ಬಳಿಕ ಏನಾಗುವುದೆಂದು ಮಗಳೊಬ್ಬಳು ಕೇಳಿದರೆ, ತಾಯಿತಂದೆಗಳು ಏನು ಉತ್ತರ ಹೇಳಬೇಕು?

ವೇದಾವತಿಯ ನೀರು ಮುಳುಗಿದ ಬಂಡೆಯನ್ನು ದಾಟುವಾಗ ಆಚೆಗೆ ಅಲೆಗಳು ಏಳುವುದುಂಟು. ಗಾಳಿಯ ರೀತಿಯೂ ಇದೇ. ವಾಯುಮಂಡಲವು ಪದರಪದರವಾಗಿ ಸ್ತಿಮಿತವಾಗಿದ್ದಾಗ, ಗುಡ್ಡವು ಮೇಲಕ್ಕೆ ತಳ್ಳಿದ ಗಾಳಿಯು ತಣ್ಣಗಾಗಿ, ಸುತ್ತಣ ಗಾಳಿಗಿಂತ ಭಾರವಾಗಿ, ಭೂಮಿಯ ಸೆಳೆತದಿಂದ ಕೆಳಗಿಳಿಯುವುದು. ರಭಸದಿಂದ ತನ್ನ ನೆಲೆಯನ್ನು ಮೀರಿ ಇಳಿದು, ಬಿಸಿಯಾಗಿ, ಪುನಃ ಏಳುವುದು. ಉಯ್ಯಾಲೆಯಂಥ ಈ ಏರಿಳಿತಕ್ಕೆ ಗುರುತ್ವ ತರಂಗವೆಂದು ಹೆಸರು. ಐನ್‌ಸ್ಟೈನರು ಮುನ್ನುಡಿದು, 2015ರಲ್ಲಿ ಪತ್ತೆಯಾದ ಗುರುತ್ವಾಕರ್ಷಣ ತರಂಗಗಳು ಬೇರೆ. ಗಾಳಿಯ ಈ ಅಲೆಗಳು ಗುಡ್ಡಗಳಿಂದ ಮಾತ್ರವಲ್ಲದೆ ಗುಡುಗುಮಳೆಯ ಮೋಡಗಳಿಂದಲೂ ಹುಟ್ಟುತ್ತವೆ.

ಇವುಗಳಲ್ಲಿ ಕೆಲವು ಬಹುದೂರ ಮೇಲೇರುವವು. 80 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ನೆಲಮಟ್ಟದಲ್ಲಿರುವುದರ 50,000ದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಗಾಳಿ ತೆಳುವಾದಷ್ಟೂ ಅಲೆ ದೊಡ್ಡದಾಗುತ್ತ ಹೋಗಿ, ಕಡೆಗೆ ಕಡಲ ತೆರೆಯು ದಡದಲ್ಲಿ ಒಡೆಯುವಂತೆ ಒಡೆದು, ಸುಳಿಸುಳಿಯಾದ ಕ್ಷೋಭೆಯಾಗಿ ಪರಿಣಮಿಸುತ್ತದೆ. ಮೇಲ್ಮುಗಿಲಿನ ಗಾಳಿಗಳ ಏರುಪೇರಿಗೆ ಇಂಥ ಅಲೆಗಳೇ ಕಾರಣವೆಂದು ಕೆನಡಾ ದೇಶದ ಕೊಲಿನ್ ಹೈನ್ಸರು 1960ರಲ್ಲಿ ವಿವರಿಸಿದರು.

ಇದರ ಫಲವು ಧ್ರುವಪ್ರದೇಶದಲ್ಲಿ ಅತ್ಯಾಶ್ಚರ್ಯಕರವಾಗಿ ತೋರಿಬರುತ್ತದೆ. ಅಲ್ಲಿ ಬೇಸಗೆಯಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಆದರೂ ಆ ಕಾಲದಲ್ಲಿಯೇ ಸುಮಾರು 85–90 ಕಿಲೋಮೀಟರ್ ಮೇಲೆ ಶೈತ್ಯವು ಸೊನ್ನೆಗಿಂತ 130 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುತ್ತದೆ! ಹೇಗಂದರೆ, ಒಡೆದ ಅಲೆಗಳ ನೂಕುವಿಕೆಯಿಂದ ಅಲ್ಲಿನ ಗಾಳಿಯು ಚಳಿಗಾಲದ ಧ್ರುವದ ಕಡೆಗೆ ಹರಿಯುವುದು. ತೆರವಾದ ಸ್ಥಳಕ್ಕೆ ಕೆಳಗಿನ ಗಾಳಿ ಏರಿ, ಹಿಗ್ಗಿ, ತಣ್ಣಗಾಗುವುದು. ಸೈಕಲ್ ಚಕ್ರದಿಂದ ಹೊರಬಿಟ್ಟ ಗಾಳಿಯು ಬೆರಳಿಗೆ ತಂಪಾಗಿ ತಗಲುವುದಲ್ಲವೇ? ಆ ಶೈತ್ಯದಲ್ಲಿ ನೀರಿನ ಆವಿಯು ಮಂಜಿನ ಹರಳಾಗಿ, ಇರುಳಿನಲ್ಲಿ ಬೆಳ್ಳಗೆ ಹೊಳೆಯುವ ಮೋಡಗಳಾಗುತ್ತದೆ. 1885ರಲ್ಲಿ ಯೂರೋಪಿನ ಜನರು ಇವನ್ನು ಕಂಡು ಬೆರಗಾದರು.

ನಮ್ಮ ನೆರೆಯ ಆಂಧ್ರದಲ್ಲಿ, ತಿರುಪತಿಯ ಸಮೀಪದ ಗಾದಂಕಿಯಲ್ಲಿ, ಇಂಥ ಅಲೆಗಳನ್ನು ರೇಡಾರಿನಿಂದ ಪರೀಕ್ಷಿಸುತ್ತಿದ್ದಾರೆ. ಹವೆಯನ್ನು ಲೆಕ್ಕಹಾಕುವ ಯಂತ್ರಗಳಿಗೆ ಸಣ್ಣ ಅಲೆಗಳು ಸಿಕ್ಕದಿರುವುದರಿಂದ, ಅವುಗಳ ನೂಕುವಿಕೆಯನ್ನು ಬೇರೆಯಾಗಿ ಅಂದಾಜು ಮಾಡಬೇಕಾಗಿದೆ. ಆ ಅಂದಾಜು ತಪ್ಪಿದರೆ ಮೇಲಣ ಗಾಳಿಯ ಲೆಕ್ಕವೂ ತಪ್ಪುವುದು. ಆದಕಾರಣ ಮಗಳು ಗಾಳಿಯ ದಾರಿಯನ್ನು ಕೇಳಿದರೆ, ಸುಮ್ಮನಿರೆಂದು ಗದರಬೇಡಿರಿ. ದೊಡ್ಡ ವಿದ್ವಾಂಸರು ಇಂದಿಗೂ ಅದನ್ನೇ ಕೇಳುತ್ತಿದ್ದಾರೆ.