ಮಗನ ಜೆಟ್ ವಿಮಾನ ಹಾರುವ ಮೊದಲು ತೂಗಿ ನೋಡಿ

ಕರಾವಳಿಯ ನಮ್ಮ ಮನೆಗಳಲ್ಲಿ ವಿಮಾನವೆಂದರೆ ಮೊದಲು ನೆನಪಾಗುವುದು ಗಲ್ಫ್. ಉಪ್ಪ ಹೋಗುವುದೂ ವಿಮಾನದಲ್ಲಿ, ಬರುವುದೂ ವಿಮಾನದಲ್ಲಿ. ರಜೆಯಲ್ಲಿ ಬರುವಾಗ ಅವರು ತರುವ ಪೆಟ್ಟಿಗೆಯಲ್ಲಿ ಹಿಂದೆಲ್ಲಾ ಸೀರೆ, ಸೆಂಟು, ಹಾಲುಪುಡಿ, ಟ್ಯಾಂಗ್ ಇರುತ್ತಿದ್ದವು. ಈಗ ಮಕ್ಕಳ ಪಟ್ಟಿ ಬದಲಾಗಿದೆ. ಕೆಲವು ಮನೆಗಳ ಪಟ್ಟಿಯಲ್ಲಿ ರಿಮೋಟ್‌ನಿಂದ ಹಾರುವ ಜೆಟ್ ವಿಮಾನವೂ ಸೇರಿಕೊಂಡಿದೆ. ಅದೂ ಎಂಥದ್ದು? ನೆಲ ಬಿಟ್ಟ ಕೂಡಲೇ ನಿಜವಾದ ವಿಮಾನದಂತೆ ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುವಂಥದ್ದು.

ಇದನ್ನು ಆಟಿಕೆಯೆಂದು ಭಾವಿಸಿ ಸುಮ್ಮನಿರುವ ತಾಯಂದಿರಿಗಾಗಿಯೇ ಈ ಬರಹ. ಎರಡೂವರೆ ಕಿಲೋ ತೂಗುವ ಈ ವಸ್ತು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುತ್ತದೆ. ಬೆಲೆ ಮೂವತ್ತು ಸಾವಿರ ರೂಪಾಯಿ ದಾಟುವುದುಂಟು. ನೆಲಕ್ಕೆ ಬಿದ್ದರೆ ಹೆಚ್ಚಿನ ಸಲ ಉಳಿಯುವುದು ಥರ್ಮೋಕೋಲಿನಂಥ ಚೂರುಗಳು ಮತ್ತು ಒಬ್ಬ ಹುಡುಗನ ಕಣ್ಣೀರು. ಮನುಷ್ಯರ ಮೇಲೆ ಬಿದ್ದರೆ ಮಾತು ಬೇರೆಯೇ. ಹೀಗೆ ಬೀಳುವ ವಿಮಾನಗಳಲ್ಲಿ ಎಷ್ಟೋ ವಿಮಾನಗಳ ಗತಿ ಆಕಾಶದಲ್ಲಿ ಅಲ್ಲ, ಹಿಂದಿನ ದಿನ ಮನೆಯ ಮೇಜಿನ ಮೇಲೆಯೇ ತೀರ್ಮಾನವಾಗಿರುತ್ತದೆ.

ಮೊದಲು ಈ ಯಂತ್ರದ ಪರಿಚಯ ಮಾಡಿಕೊಳ್ಳೋಣ. ಮಾದರಿ ಜೆಟ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ನಿಜವಾದ ಪುಟ್ಟ ಟರ್ಬೈನ್ ಎಂಜಿನ್ ಇರುತ್ತದೆ. ಸೀಮೆಎಣ್ಣೆಯ ಜಾತಿಯ ಇಂಧನ ಕುಡಿದು ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬವರು ಸುಮಾರು 1990ರ ಹೊತ್ತಿಗೆ ಇಂಥದ್ದೊಂದು ಎಂಜಿನನ್ನು ಸ್ವಂತ ಕೈಯಿಂದ ತಯಾರಿಸಿ ತೋರಿಸಿದರು. ಗಾಳಿಯನ್ನು ಒತ್ತುವ ಅದರ ಚಕ್ರವನ್ನು ಅವರು ಮಾಡಿದ್ದು ಪ್ಲೈವುಡ್‌ನಿಂದ! ಕಾರ್ಬನ್ ನಾರು ಸುತ್ತಿ ಅದನ್ನು ಗಟ್ಟಿಗೊಳಿಸಿದ್ದರು. ಅದು ದೊಡ್ಡವರ, ದುಡ್ಡಿರುವವರ ಹವ್ಯಾಸ. ನಮ್ಮ ಹುಡುಗರ ಕೈಗೆ ಬರುವುದು ಎರಡನೆಯ ಬಗೆ. ಅದರ ಹೊಟ್ಟೆಯೊಳಗಿನ ಕೊಳವೆಯಲ್ಲಿ ಹಲವು ಎಲೆಗಳ ಒಂದು ವಿದ್ಯುತ್ ಫ್ಯಾನ್ ಇರುತ್ತದೆ. ಬ್ಯಾಟರಿಯ ಬಲದಿಂದ ತಿರುಗುತ್ತಾ ಅದು ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ರಭಸದಿಂದ ಉಗುಳುತ್ತದೆ. ಹೆಚ್ಚೆಂದರೆ ಮೂರರಿಂದ ಐದು ನಿಮಿಷ ಹಾರುತ್ತದೆ, ಅಷ್ಟೆ.

ಇನ್ನು ಸಮತೋಲನದ ವಿಷಯ. ಪ್ರತಿಯೊಂದು ವಸ್ತುವಿಗೂ ಗುರುತ್ವ ಕೇಂದ್ರವೆಂಬುದೊಂದು ಇದೆ. ಆ ಬಿಂದುವಿನಲ್ಲಿ ಬೆರಳಿಟ್ಟು ಎತ್ತಿದರೆ ವಸ್ತು ಯಾವ ಕಡೆಗೂ ವಾಲುವುದಿಲ್ಲ. ವಿಮಾನದಲ್ಲಿ ಈ ಬಿಂದು ರೆಕ್ಕೆಯ ಒಂದು ನಿರ್ದಿಷ್ಟ ಜಾಗದಲ್ಲೇ ಇರಬೇಕು. ಸ್ಕೂಟರಿನ ಹಿಂದೆ ಐವತ್ತು ಕಿಲೋ ಅಕ್ಕಿ ಮೂಟೆ ಕಟ್ಟಿಕೊಂಡು ಘಾಟಿ ಏರಿದವರನ್ನು ಕೇಳಿ ನೋಡಿ. ಹ್ಯಾಂಡಲ್ ಹಗುರವಾಗಿ, ಮುಂದಿನ ಚಕ್ರ ನೆಲ ಬಿಡುವಂತಾಗಿ, ತಿರುಗಿಸಿದತ್ತ ತಿರುಗದೆ ಎದೆ ಢವಢವ ಎನ್ನುತ್ತದೆ. ಬಾಲ ಭಾರವಾದ ವಿಮಾನದ ಸ್ಥಿತಿಯೂ ಹೀಗೆಯೇ. ಒಂದು ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದರೆ ಅದು ತಾನಾಗಿ ಕೆಳಗೆ ಬರುವುದಿಲ್ಲ, ಇನ್ನಷ್ಟು ಏಳುತ್ತದೆ. ಹುಡುಗ ಗಾಬರಿಯಿಂದ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಅತಿಯಾಗಿ ಕೆಳಗಿಳಿಯುತ್ತದೆ. ಎರಡು ಮೂರು ಸಲ ಹೀಗೆ ತಲೆ ಆಡಿಸಿ ನೆಲಕ್ಕೆ ಬಡಿಯುತ್ತದೆ. ಮೂತಿ ತುಸು ಭಾರವಾದರೆ ಅಷ್ಟು ಅಪಾಯವಿಲ್ಲ. ಏಳಲು ಹೆಚ್ಚು ದೂರ ಓಡುತ್ತದೆ, ಇಳಿಯುವಾಗ ವೇಗ ಹೆಚ್ಚು ಬೇಕಾಗುತ್ತದೆ, ಸತಾಯಿಸುತ್ತದೆ. ಆದರೂ ಸಾಮಾನ್ಯವಾಗಿ ಮನೆಗೆ ಹಿಂದಿರುಗುತ್ತದೆ.

ಇಲ್ಲಿ ನಮ್ಮ ಪೂರ್ವಜರಿಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕೊರ್ಡೋವಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್‌ರ ಹೆಸರನ್ನು ಹಲವರು ಕೇಳಿರಬಹುದು. ಅವರು ಮೈಗೆ ಗರಿ ಹೊದ್ದು ರೆಕ್ಕೆ ಕಟ್ಟಿ ಹಾರಿದರೆಂಬ ಕಥೆ ಹೇಳುವಾಗ ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಇತಿಹಾಸಕಾರ ಅಲ್ ಮಕ್ಕರಿ ಹದಿನೇಳನೆಯ ಶತಮಾನದಲ್ಲಿ ಬರೆದದ್ದರಲ್ಲಿ ಮುಂದಿನ ಭಾಗವೂ ಇದೆ. ಇಳಿಯುವಾಗ ಇಬ್ನ್ ಫಿರ್ನಾಸ್‌ರ ಬೆನ್ನಿಗೆ ಪೆಟ್ಟಾಯಿತು, ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆಂಬುದನ್ನು ಅವರು ಗಮನಿಸದೆ ಬಾಲವನ್ನೇ ಕಟ್ಟಿಕೊಂಡಿರಲಿಲ್ಲ ಎಂದು. ಇನ್ನೊಬ್ಬರು ಮರ್ವ್ ನಗರದ ಅಲ್ ಖಾಝಿನಿ. ಗುಲಾಮರಾಗಿ ಬಂದು, ಯಜಮಾನನ ಔದಾರ್ಯದಿಂದ ವಿದ್ಯೆ ಕಲಿತವರು. ಸುಮಾರು 1121ರಲ್ಲಿ ಅವರು ಬರೆದ 'ಮೀಝಾನುಲ್ ಹಿಕ್ಮ' ಎಂಬ ಗ್ರಂಥವಿಡೀ ತಕ್ಕಡಿ, ತೂಕ ಮತ್ತು ಗುರುತ್ವ ಕೇಂದ್ರದ ಕುರಿತಾದದ್ದು. ಮದ್ರಸದಲ್ಲಿ ಓದಿ ಆಮೇಲೆ ಬಿ.ಎ. ಮಾಡಿದ ನನ್ನಂಥವರಿಗೆ ಎರಡೂ ಕಡೆಯ ಪಾಠಗಳಲ್ಲಿ ಖಾಝಿನಿಯವರ ಹೆಸರು ಸಿಗಲಿಲ್ಲ ಎಂಬುದು ಬೇರೆ ಮಾತು.

ವಿಮಾನದ ಜೊತೆ ಬರುವ ಪುಸ್ತಿಕೆಯಲ್ಲಿ ಗುರುತ್ವ ಕೇಂದ್ರ ಎಲ್ಲಿರಬೇಕೆಂದು ಮಿಲಿಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಹುಡುಗರು ಸಾಮಾನ್ಯವಾಗಿ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ, "ಸರಿ ಇದೆ" ಎಂದು ತೀರ್ಪು ಕೊಡುತ್ತಾರೆ. ಹಗುರವಾದ ಸಣ್ಣ ವಿಮಾನಕ್ಕೆ ಇದು ಸಾಕು. ಎರಡೂವರೆ ಕಿಲೋದ ಜೆಟ್ ಬೆರಳ ತುದಿಯಲ್ಲಿ ನಡುಗುವಾಗ ಹತ್ತು ಮಿಲಿಮೀಟರಿನ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಇದಕ್ಕಿಂತ ಒಳ್ಳೆಯ ದಾರಿ ನಿಮ್ಮ ಅಡುಗೆ ಮನೆಯಲ್ಲೇ ಇದೆ. ಕೇಕ್ ಮಾಡಲು ಮೈದಾ ತೂಗುವ ಡಿಜಿಟಲ್ ತಕ್ಕಡಿ!

ನನ್ನಲ್ಲಿ ಓದಿದ ಹುಡುಗನೊಬ್ಬನ ಮನೆಯಲ್ಲಿ ಈ ಲೆಕ್ಕವನ್ನು ಮಾಡಿದ್ದು ಅವನಲ್ಲ, ಬಿ.ಎಸ್ಸಿ. ಓದುತ್ತಿದ್ದ ಅವನ ಅಕ್ಕ. ರಿಮೋಟ್ ಹಿಡಿದರೆ ತಮ್ಮ ಹುಲಿ, ಪೆನ್ಸಿಲ್ ಹಿಡಿದರೆ ಅಕ್ಕ. "ಉಮ್ಮ, ತಕ್ಕಡಿ ಸ್ವಲ್ಪ ಕೊಡಿ" ಎಂದು ಕೇಳಿದಾಗ ತಾಯಿ ಮೊದಲು ಬೈದರಂತೆ. ಆಮೇಲೆ ಊಟದ ಮೇಜಿನ ಪಕ್ಕ ಅವರೇ ಕುರ್ಚಿ ಎಳೆದುಕೊಂಡು ಕುಳಿತರು. ಯಾರಿಗಾದರೂ ಉಪಯೋಗಕ್ಕೆ ಬರಲೆಂದು ಆ ಲೆಕ್ಕದ ಕ್ರಮವನ್ನು ಸುಲಭದ ಅಂಕೆಗಳಲ್ಲಿ ಇಲ್ಲಿ ಕೊಡುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಗಣಿತ ಸಾಕು.

ಬ್ಯಾಟರಿಯನ್ನೂ ಸೇರಿಸಿ, ಹಾರುವಾಗ ಇರುವ ಎಲ್ಲವನ್ನೂ ಜೋಡಿಸಿ ವಿಮಾನವನ್ನು ತೂಗಿ. 2400 ಗ್ರಾಂ ಬಂತೆನ್ನಿ. ಈಗ ಚಕ್ರಗಳನ್ನು ಇಳಿಸಿ, ಮೂತಿಯ ಚಕ್ರವನ್ನು ಮಾತ್ರ ತಕ್ಕಡಿಯ ಮೇಲಿಡಿ. ಹಿಂದಿನ ಎರಡು ಚಕ್ರಗಳ ಅಡಿಗೆ ತಕ್ಕಡಿಯಷ್ಟೇ ಎತ್ತರದ ಪುಸ್ತಕಗಳನ್ನಿಟ್ಟು, ವಿಮಾನ ಹಾರುವಾಗ ಇರುವಂತೆ ಮಟ್ಟಸವಾಗಿರುವುದನ್ನು ನೋಡಿಕೊಳ್ಳಿ. ತಕ್ಕಡಿ 300 ಗ್ರಾಂ ತೋರಿಸಿತು. ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಚಕ್ರಗಳ ಅಚ್ಚಿಗೆ 480 ಮಿ.ಮೀ. ದೂರವಿದೆ. 300ನ್ನು 480ರಿಂದ ಗುಣಿಸಿ 2400ರಿಂದ ಭಾಗಿಸಿದರೆ 60. ಅಂದರೆ ಗುರುತ್ವ ಕೇಂದ್ರವು ಹಿಂದಿನ ಚಕ್ರಗಳ ಅಚ್ಚಿಗಿಂತ 60 ಮಿ.ಮೀ. ಮುಂದಿದೆ. ಆ ಅಚ್ಚು ರೆಕ್ಕೆಯ ಮುಂದಂಚಿನಿಂದ 180 ಮಿ.ಮೀ. ಹಿಂದಿದ್ದರೆ, ಗುರುತ್ವ ಕೇಂದ್ರ ಮುಂದಂಚಿನಿಂದ 120 ಮಿ.ಮೀ. ಹಿಂದೆ ಇದೆಯೆಂದಾಯಿತು. ಮುಂದಂಚನ್ನು ಅಳೆಯುವಾಗ ಪುಸ್ತಿಕೆ ತೋರಿಸಿದ ಜಾಗದಲ್ಲೇ, ಹೆಚ್ಚಾಗಿ ರೆಕ್ಕೆ ದೇಹಕ್ಕೆ ಕೂಡುವಲ್ಲಿ, ಅಳೆಯಬೇಕು. ಪುಸ್ತಿಕೆ 110 ಎನ್ನುತ್ತದೆ. ಹಾಗಾದರೆ ನಮ್ಮ ವಿಮಾನದ ಬಾಲ ಭಾರವಾಗಿದೆ. ಹತ್ತು ಮಿ.ಮೀ. ಮುಂದೆ ತರಬೇಕು.

ಕೂಡಲೇ ಮೂತಿಗೆ ಸೀಸದ ಚೂರು ಅಂಟಿಸುವವರಿದ್ದಾರೆ. ಅದು ಕೊನೆಯ ಉಪಾಯ. ಸುಮ್ಮನೆ ಭಾರ ಹೊತ್ತು ಹಾರುವುದಕ್ಕಿಂತ ಒಳಗಿರುವ ಭಾರವನ್ನೇ ಸರಿಸುವುದು ಜಾಣತನ. ವಿಮಾನದಲ್ಲಿ ಅತ್ಯಂತ ಭಾರದ ವಸ್ತು ಬ್ಯಾಟರಿ, 600 ಗ್ರಾಂ ಎನ್ನಿ. ಹತ್ತನ್ನು 2400ರಿಂದ ಗುಣಿಸಿ 600ರಿಂದ ಭಾಗಿಸಿದರೆ 40. ಬ್ಯಾಟರಿಯನ್ನು 40 ಮಿ.ಮೀ. ಮುಂದಕ್ಕೆ ತಳ್ಳಿ, ಪಟ್ಟಿ ಬಿಗಿದು, ಮತ್ತೆ ತೂಗಿದರೆ ಮೂತಿಯ ಚಕ್ರದಡಿ 350 ಗ್ರಾಂ ಬರಬೇಕು. ಬಂದರೆ ಸರಿ. ಬ್ಯಾಟರಿ ನಿಂತ ಜಾಗದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದುಬಿಡಿ. ಮೈದಾನದಲ್ಲಿ ಅವಸರದಿಂದ ಬ್ಯಾಟರಿ ಬದಲಾಯಿಸುವಾಗ ಆ ಗೆರೆಯೇ ದಿಕ್ಕು.

ಮಡಚುವ ಚಕ್ರಗಳು ಇಲ್ಲಿ ಒಂದು ತೊಡಕು ತರುತ್ತವೆ. ಮೂತಿಯ ಕಾಲು ಹಿಂದಕ್ಕೆ ಮಡಚಿದರೆ ಭಾರವೂ ಅದರೊಂದಿಗೆ ಹಿಂದೆ ಸರಿಯುತ್ತದೆ. ಕಾಲು ಮತ್ತು ಚಕ್ರ ಸೇರಿ 60 ಗ್ರಾಂ, ಅದು 80 ಮಿ.ಮೀ. ಹಿಂದಕ್ಕೆ ಹೋಯಿತೆಂದರೆ ಮೇಲಿನ ವಿಮಾನದಲ್ಲಿ ಗುರುತ್ವ ಕೇಂದ್ರ 2 ಮಿ.ಮೀ. ಹಿಂದೆ ಹೋಗುತ್ತದೆ. ಸಣ್ಣದೇ. ಆದರೆ ಮೊದಲೇ ಬಾಲ ಭಾರವಾಗಿದ್ದ ವಿಮಾನಕ್ಕೆ ಆ ಎರಡು ಮಿಲಿಮೀಟರ್ ಹೆಚ್ಚಾಗಬಹುದು. ಮುಂದಕ್ಕೆ ಮಡಚುವ ಕಾಲಾದರೆ ಭಾರ ಮುಂದೆ ಬರುತ್ತದೆ. ಹಿಂದಿನ ಕಾಲುಗಳು ಪಕ್ಕದಿಂದ ಒಳಕ್ಕೆ ನೇರವಾಗಿ ಮಡಚಿದರೆ ಮುಂದು ಹಿಂದಿನ ಲೆಕ್ಕ ಬದಲಾಗುವುದಿಲ್ಲ. ಪುಸ್ತಿಕೆ ಹೇಳಿದ ಅಳತೆ ಚಕ್ರ ಇಳಿಸಿದಾಗಿನದೋ ಮಡಚಿದಾಗಿನದೋ ಎಂಬುದನ್ನು ಓದಿ ತಿಳಿಯಬೇಕು.

ಚಕ್ರ ಮಡಚುವ ಯಂತ್ರವಾದರೂ ಏನು? ಪ್ರತಿ ಕಾಲಿನ ಬುಡದಲ್ಲಿ ಒಂದು ಪುಟ್ಟ ಮೋಟಾರು ಸ್ಕ್ರೂ ಒಂದನ್ನು ತಿರುಗಿಸಿ ಕಾಲನ್ನು ಎಳೆದು ಮಡಚುತ್ತದೆ. ದಾರಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ಅರ್ಧಕ್ಕೇ ನಿಂತುಬಿಡುತ್ತದೆ. ಆದ್ದರಿಂದ ವಿಮಾನವನ್ನು ದಿಂಬುಗಳ ಮೇಲೆ ಎತ್ತರದಲ್ಲಿಟ್ಟು ಕನಿಷ್ಠ ಇಪ್ಪತ್ತು ಸಲ ಮಡಚಿ ಬಿಡಿಸಿ ನೋಡಬೇಕು. ಮೂರೂ ಕಾಲುಗಳು ಪೂರ್ತಿ ಒಳಗೆ ಹೋಗುತ್ತವೆಯೇ, ಬಾಗಿಲಿಗೆ ಚಕ್ರ ಉಜ್ಜುತ್ತದೆಯೇ, ವಯರ್ ಸಿಕ್ಕಿಕೊಳ್ಳುತ್ತದೆಯೇ? ಕಾಲನ್ನು ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿದ್ದರೆ ಒಂದೇ ಇಳಿತಕ್ಕೆ ಚಕ್ರ ಅಡ್ಡ ತಿರುಗುತ್ತದೆ, ಅದಕ್ಕೆ ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟಿನ ಒಂದು ಹನಿ ಹಾಕುವುದುಂಟು. ಕೊನೆಗೆ ವಿಮಾನವನ್ನು ನೆಲದ ಮೇಲೆ ಮೆಲ್ಲನೆ ತಳ್ಳಿ. ಐದು ಮೀಟರ್ ನೇರವಾಗಿ ಹೋಗಬೇಕು. ಎಡಕ್ಕೋ ಬಲಕ್ಕೋ ಎಳೆದರೆ ಮೂತಿಯ ಚಕ್ರವನ್ನು ಸರಿಪಡಿಸಿಯೇ ಮುಂದಿನ ಮಾತು.

ಉಳಿದ ಪರೀಕ್ಷೆಗಳು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮೂತಿ ಮತ್ತು ಬಾಲದಲ್ಲಿ ಹಿಡಿದೆತ್ತಿ ಯಾವ ರೆಕ್ಕೆ ವಾಲುತ್ತದೆಂದು ನೋಡಿ, ಎದುರು ರೆಕ್ಕೆಯ ತುದಿಗೆ ಸ್ವಲ್ಪ ಭಾರ ಅಂಟಿಸುವುದು. ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಪಟ್ಟಿ ಮೇಲೇಳುತ್ತದೆಯೇ, ಹಿಂದಕ್ಕೆಳೆದಾಗ ಬಾಲದ ಪಟ್ಟಿ ಮೇಲೇಳುತ್ತದೆಯೇ ಎಂದು ನೋಡುವುದು. ಇದು ಉಲ್ಟಾ ಇದ್ದು ನೆಲ ಕಚ್ಚಿದ ವಿಮಾನಗಳಿಗೆ ಲೆಕ್ಕವಿಲ್ಲ. ಒಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದಿರುವಾಗ ರಿಮೋಟ್ ಆರಿಸಿ ನೋಡಬೇಕು, ಫ್ಯಾನ್ ತಕ್ಷಣ ನಿಲ್ಲಬೇಕು. ಆ ಹಿಡಿದುಕೊಳ್ಳುವವರು ನೀವಾದರೆ ದುಪಟ್ಟಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬುರ್ಖಾದ ತೋಳನ್ನು ಮಡಚಿ. ಗಾಳಿ ಎಳೆಯುವ ಆ ಬಾಯಿ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ.

ಮನೆಗೆ ಅತಿ ಹೆಚ್ಚು ಅಪಾಯವಿರುವುದು ಹಾರಾಟದಿಂದಲ್ಲ, ಬ್ಯಾಟರಿಯಿಂದ. ಇದು ಲಿಥಿಯಂ ಪಾಲಿಮರ್ ಜಾತಿಯದು, ಆರು ಕೋಶಗಳದ್ದು. ಒಂದು ಕೋಶ ತುಂಬಿದಾಗ 4.2 ವೋಲ್ಟ್, ಅದಕ್ಕಿಂತ ಮೇಲೆ ಹೋಗಕೂಡದು. ಅತಿಯಾಗಿ ಚಾರ್ಜ್ ಆದರೆ, ಪೆಟ್ಟಾದರೆ, ಉಬ್ಬಿದ್ದನ್ನೇ ಬಳಸಿದರೆ ಉರಿದು ಬಿಡುತ್ತದೆ. ಮೊಬೈಲಿನಂತೆ ಹಾಸಿಗೆಯ ಪಕ್ಕ ಸಿಕ್ಕಿಸಿ ರಾತ್ರಿ ಮಲಗುವ ವಸ್ತು ಇದಲ್ಲ. ಗ್ಯಾಸ್ ಸಿಲಿಂಡರ್ ಇರುವ ಅಡುಗೆ ಮನೆಯಲ್ಲಂತೂ ಬೇಡವೇ ಬೇಡ. ವರಾಂಡದ ಸಿಮೆಂಟ್ ನೆಲದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟು, ಯಾರಾದರೂ ಎದುರಿಗಿರುವಾಗ ಮಾತ್ರ ಚಾರ್ಜ್ ಮಾಡಬೇಕು. ವಾರಗಟ್ಟಲೆ ಇಡುವುದಾದರೆ ಕೋಶಕ್ಕೆ 3.8 ವೋಲ್ಟ್‌ನಷ್ಟಿರಲಿ.

ಗಲ್ಫ್‌ನಿಂದ ತರಿಸುವವರಿಗೆ ಒಂದು ಮಾತು. ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. 22.2 ವೋಲ್ಟಿನ 4000 ಎಂ.ಎ.ಎಚ್. ಬ್ಯಾಟರಿ 88.8 ವಾಟ್ ಅವರ್ ಆಗುತ್ತದೆ, 100ರ ಮಿತಿಯೊಳಗಿದೆ. 5000 ಎಂ.ಎ.ಎಚ್. ಆದರೆ 111, ಅದಕ್ಕೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಡ್ರೋನ್ ಆಮದನ್ನು ನಿಷೇಧಿಸಿತು. ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆದು ಪ್ರಶ್ನೆ ಕೇಳಿದ ಮೇಲೆ ವಾದಿಸುವುದಕ್ಕಿಂತ, ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಹಾರಿಸುವುದೆಲ್ಲಿ? ಮನೆಯ ಟೆರೇಸು, ಮಸೀದಿಯ ಅಂಗಳ, ಜನ ಸೇರುವ ಕಡಲ ತೀರ ಯಾವುದೂ ಅಲ್ಲ. 2021ರ ಡ್ರೋನ್ ನಿಯಮಗಳು 25 ಕಿಲೋದೊಳಗಿನ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹವ್ಯಾಸಕ್ಕೋ ಕಲಿಕೆಗೋ ಹಾರಿಸುವ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿವೆ. ವಿಮಾನ ನಿಲ್ದಾಣಗಳ ಸುತ್ತಲಿನ ನಿರ್ಬಂಧಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಜ್ಪೆಯ ಆಸುಪಾಸಿನವರು ಇದನ್ನು ಗಮನದಲ್ಲಿಡಬೇಕು. ಇನ್ನು, ಸಣ್ಣ ಚಕ್ರಗಳಿಗೆ ಒರಟು ಹುಲ್ಲು ಶತ್ರು. ಮೂತಿಯ ಕಾಲನ್ನು ಬುಡಸಮೇತ ಕಿತ್ತುಬಿಡುತ್ತದೆ. ಡಾಂಬರು ಹಾಕಿದ ವಿಶಾಲ ಜಾಗ, ಅನುಭವಿ ಹಾರಾಟಗಾರರ ಜೊತೆ ಸಿಕ್ಕಿದರೆ ಒಳ್ಳೆಯದು. ಜೆಟ್ಟೇ ಮೊದಲ ವಿಮಾನವಾಗಬಾರದು, ನಿಧಾನವಾಗಿ ಹಾರುವ ರೆಕ್ಕೆ ದೊಡ್ಡ ವಿಮಾನದಲ್ಲಿ ಕೈ ಪಳಗಿರಬೇಕು. ಎನ್‌ಸಿಸಿಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ, ಹುಡುಗಿಯರಿಗೂ ಕೂಡ. ಕಾಲೇಜಿನಲ್ಲಿ ಅದಿದ್ದರೆ ಮಕ್ಕಳನ್ನು ಕಳುಹಿಸಲು ಹಿಂಜರಿಯಬೇಡಿ.

ಮೊದಲ ಹಾರಾಟದ ದಿನ ಟೈಮರನ್ನು ಮೂರು ನಿಮಿಷಕ್ಕಿಡಿ. ಎದ್ದ ಕೂಡಲೇ ಚಕ್ರ ಮಡಚುವ ಅವಸರ ಬೇಡ, ಸಾಕಷ್ಟು ಎತ್ತರಕ್ಕೇರಿ ವಿಮಾನ ನೇರವಾಗಿ ಹಾರುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಕು. ಇಳಿಸಲು ಒಂದು ಸುತ್ತು ಬಾಕಿಯಿರುವಾಗಲೇ ಚಕ್ರ ಬಿಡಿಸಿ, ಮೂರೂ ಇಳಿದಿವೆಯೇ ಎಂದು ಪಕ್ಕದಲ್ಲಿ ನಿಂತವರು ಗಟ್ಟಿಯಾಗಿ ಹೇಳಲಿ. ಒಂದು ಕಾಲು ಇಳಿಯದಿದ್ದರೆ ಸ್ವಿಚ್ಚನ್ನು ಮತ್ತೊಮ್ಮೆ ಆಡಿಸಿ ನೋಡುವುದು, ಅದಕ್ಕೂ ಬಗ್ಗದಿದ್ದರೆ ಎಲ್ಲವನ್ನೂ ಮಡಚಿ, ಫ್ಯಾನ್ ನಿಲ್ಲಿಸಿ ಹುಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಇಳಿಸುವುದು. ಇಳಿದ ಮೇಲೆ ಬ್ಯಾಟರಿ ತಣಿಯಲಿ, ಆಮೇಲೆ ಕೋಶಗಳ ವೋಲ್ಟ್ ಅಳೆಯಿರಿ. 3.7ಕ್ಕಿಂತ ಕೆಳಗಿದ್ದರೆ ಮುಂದಿನ ಸಲ ಟೈಮರಿನಲ್ಲಿ ಅರ್ಧ ನಿಮಿಷ ಕಡಿಮೆ ಮಾಡಿ.