ಮುಂದೂಡಿದ ರಿಪೇರಿಯ ಬಡ್ಡಿ

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಬಾಂಧವರಲ್ಲಿ ಇಂದು ಕಾರು ಇಟ್ಟುಕೊಂಡವರು ಅಪರೂಪವೇನಲ್ಲ. ಬಹುಮಟ್ಟಿಗೆ ಅದು ಇನ್ನೊಬ್ಬರು ಓಡಿಸಿ ಮಾರಿದ ಗಾಡಿ. ಕೆಲಸಕ್ಕೆ ಹೋಗುವುದು ಲೋಕಲ್ ಟ್ರೇನಿನಲ್ಲಿ. ಕಾರು ಆರು ದಿನ ಕಟ್ಟಡದ ಕೆಳಗೆ ನಿಂತಿದ್ದು, ಭಾನುವಾರ ದೇವಸ್ಥಾನಕ್ಕೋ ನೆಂಟರ ಮನೆಗೋ ಹೊರಡುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುತ್ತದೆ. ಕಡಮೆ ಓಡುವ ಗಾಡಿ ಕಡಮೆ ಕೆಡುತ್ತದೆ ಎಂದು ನಾವೂ ನಂಬಿದ್ದೆವು. ಆ ನಂಬಿಕೆ ನಮಗೆ ಎಷ್ಟಕ್ಕೆ ಬಿತ್ತೆಂಬುದನ್ನು ಹೇಳಿದರೆ ಓದುಗರಿಗೆ ಉಪಯೋಗವಾದೀತು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕಿರ್ರೆಂಬ ಸದ್ದು ಬರತೊಡಗಿತು. ಮಳೆಗಾಲದ ತೇವವಿರಬೇಕೆಂದುಕೊಂಡೆವು. ಆ ತಿಂಗಳು ಮಕ್ಕಳ ಶಾಲೆಯ ಖರ್ಚಿತ್ತು. ಮುಂದೆ ಚೌತಿ ಬಂತು. ದೀಪಾವಳಿಯ ಬೋನಸ್ ಬಂದ ಮೇಲೆ ನೋಡೋಣವೆಂದೆವು. ನಿಜ ಹೇಳಬೇಕೆಂದರೆ, ಗ್ಯಾರೇಜಿನವನು ಎಷ್ಟು ಕೇಳುವನೋ ಎಂಬ ಭಯದಿಂದಲೇ ಅವನ ಅಂಗಡಿಯ ಮುಂದೆ ಹಾಯುವುದನ್ನೂ ಬಿಟ್ಟಿದ್ದೆವು. ಸದ್ದು ಕೇಳಬಾರದೆಂದು ರೇಡಿಯೋ ಜೋರು ಮಾಡಿದ್ದೂ ಉಂಟು.

ನವರಾತ್ರಿಗೆ ಮನೆಮಂದಿಯೆಲ್ಲ ಊರಿಗೆ ಹೊರಟೆವು. ಪನವೇಲಿನಿಂದ ಕೊಂಕಣದ ಹೆದ್ದಾರಿ ಹಿಡಿದು ಹೋಗುತ್ತ, ಘಾಟಿಯ ಇಳಿಜಾರಿನಲ್ಲಿ ಬ್ರೇಕಿನ ಪೆಡಲ್ ಕಾಲಿನ ಕೆಳಗೆ ಮೆತ್ತಗೆ ನೆಲದವರೆಗೆ ಹೋಗಿಬಿಟ್ಟಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಂದು, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಗಾಡಿಯನ್ನು ತಾಗಿಸಿ ನಿಲ್ಲಿಸಿದೆವು. ಹಿಂದೆ ಕುಳಿತಿದ್ದ ತಾಯಿಯವರು “ಯಾಕಪ್ಪಾ ನಿಲ್ಲಿಸಿದೆ?” ಎಂದು ಕೇಳಿದರು. “ಮಕ್ಕಳಿಗೆ ಗಾಳಿ ಬೇಕಾಗಿತ್ತು” ಎಂದೆವು. ಕೈ ನಡುಗುತ್ತಿತ್ತು.

ಆದದ್ದು ಏನೆಂದರೆ, ಬ್ರೇಕಿನ ಪ್ಯಾಡು ಚಪ್ಪಲಿಯ ಅಟ್ಟೆಯಂತೆ ಸವೆಯಲೆಂದೇ ಮಾಡಿದ ವಸ್ತು. ಹೊಸದರಲ್ಲಿ ಅದರ ದಪ್ಪ ಸುಮಾರು 10 ಮಿಲಿಮೀಟರ್. 3 ಮಿಲಿಮೀಟರಿಗೆ ಬಂದಾಗ ಬದಲಿಸಬೇಕು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಗೆಯನ್ನು ಇಟ್ಟಿರುತ್ತಾರೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಗುಲಿ ಕಿರುಚುತ್ತದೆ. ಆ ಸದ್ದು ಯಂತ್ರ ನಮಗೆ ಕೊಟ್ಟ ಎಚ್ಚರಿಕೆ. ಅದನ್ನು ಕೇಳದಿದ್ದರೆ ಪ್ಯಾಡಿನ ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನೇ ಉಜ್ಜಿ ಗೀರು ಹಾಕುತ್ತದೆ.

ಎರಡನೆಯದು ಬ್ರೇಕಿನ ಎಣ್ಣೆ. ಇದಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಗಾಡಿ ಓಡಲಿ, ನಿಂತಿರಲಿ, ನಮ್ಮ ಈ ಕಡೆಯ ಹವೆಯಲ್ಲಿ ಅದು ನೀರು ಕುಡಿಯುತ್ತಲೇ ಇರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕಡಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೂರಕ್ಕೆ ಸುಮಾರು 4 ಪಾಲು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಇಳಿದರೆ ಶಾಖವೇರಿ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ನಾವು ಹಾಕಿದ ಬಲ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಈ ಎಣ್ಣೆಯನ್ನು ಬದಲಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು.

ಜೂನಿನಲ್ಲಿ ಎರಡು ಸಾವಿರ ರೂಪಾಯಿಗಳೊಳಗೆ ಮುಗಿಯಬೇಕಾಗಿದ್ದ ಕೆಲಸಕ್ಕೆ ಡಿಸ್ಕು, ಪ್ಯಾಡು, ಎಣ್ಣೆ, ಗಾಡಿ ಎಳೆಸಿದ ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ ತೆತ್ತೆವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದ ಹಾಗಾಯಿತು. ಇಷ್ಟರಲ್ಲೇ ಮುಗಿದದ್ದು ನಮ್ಮ ಪುಣ್ಯ.

ಗಾಡಿ ಹಳೆಯದು, ಕೆಡದೆ ಇರುತ್ತದೆಯೇ ಎನ್ನುವವರುಂಟು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳನ್ನು ನೆನೆಯಿರಿ. ಅವುಗಳಲ್ಲಿ ಕಡೆಯದು 2003ರ ಅಕ್ಟೋಬರ್ 29ರಂದು ನೋಂದಣಿಯಾಗಿ, ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷಗಳ ಅವಧಿ ಮುಗಿದ ಮೇಲೆ 2023ರಲ್ಲಿ ನಿವೃತ್ತವಾಯಿತು. ಟ್ಯಾಕ್ಸಿಯವನಿಗೆ ಗಾಡಿ ನಿಂತ ದಿನ ಊಟವಿಲ್ಲ. ಆದ್ದರಿಂದ ಸಣ್ಣ ಸದ್ದನ್ನೂ ಅವನು ಕೇಳಿಸಿಕೊಳ್ಳುತ್ತಾನೆ. ಗಿರಣಿಯಲ್ಲಿಯೂ ಅಷ್ಟೇ. ಹೊತ್ತಿಗೆ ಸರಿಯಾಗಿ ಎಣ್ಣೆ ಕಂಡ ಯಂತ್ರ ಹಳೆಯದಾದರೂ ದುಡಿಯುತ್ತದೆ.

ಇಷ್ಟಾದರೂ ಅನಿರೀಕ್ಷಿತ ರಿಪೇರಿ ಯಾರನ್ನೂ ಬಿಟ್ಟಿಲ್ಲ. ಆಗ ಮೊದಲು ಕೆಲಸವನ್ನು ಮೂರು ಪಾಲು ಮಾಡಬೇಕು. ಬ್ರೇಕು, ಸ್ಟೇರಿಂಗ್, ಬೋಳಾದ ಟಯರು, ಉರಿಯುವ ಎಂಜಿನ್ ಆಯಿಲಿನ ಕೆಂಪು ದೀಪ, ಮೇಲೇರಿದ ಶಾಖದ ಮುಳ್ಳು ಇವು ಮೊದಲನೆಯ ಪಾಲಿನವು. ಇವುಗಳಲ್ಲಿ ಒಂದಿದ್ದರೂ ಗಾಡಿ ತೆಗೆಯಬಾರದು. ಟಯರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಮೆಯಾದರೆ ಕಾನೂನಿಗೂ ವಿರುದ್ಧ. ಶೀಲಫಾಟಾದ ವಾಹನಸಂದಣಿಯಲ್ಲಿ ಎಂಜಿನ್ ಕಾದರೆ ಬದಿಗೆ ನಿಲ್ಲಿಸಿ ಆರಿಸಿರಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ಮಾತ್ರ ತೆರೆಯಬೇಡಿರಿ. ಬೆಲ್ಟು, ಬೇರಿಂಗ್, ಶಾಕ್ ಅಬ್ಸಾರ್ಬರುಗಳ ದೋಷ ಎರಡನೆಯ ಪಾಲಿನದು. ಇವನ್ನು ಮೆಕ್ಯಾನಿಕ್ಕಿಗೆ ಕೂಡಲೇ ತೋರಿಸಿ, ಅವನು ಹೇಳಿದ ಗಡುವಿನೊಳಗೆ ಮಾಡಿಸಬೇಕು. ತಣ್ಣನೆಯ ಗಾಳಿಯ ಯಂತ್ರ, ಬಣ್ಣ, ನೆಗ್ಗು ಇವು ಕಾಯಬಲ್ಲವು.

ಗ್ಯಾರೇಜಿನಲ್ಲಿ “ಏನೇನಿದೆಯೋ ಎಲ್ಲ ಮಾಡಿಬಿಡಿ” ಎಂದು ಎಂದಿಗೂ ಹೇಳಬಾರದು. ಸಾಮಾನಿನ ಬೆಲೆ ಬೇರೆ, ಕೂಲಿ ಬೇರೆ ಮಾಡಿ ಬರೆಸಿಕೊಳ್ಳಬೇಕು. ತನ್ನನ್ನು ಕೇಳದೆ ಹೆಚ್ಚಿನ ಕೆಲಸ ಮಾಡಬಾರದೆಂದೂ, ತೆಗೆದ ಹಳೆಯ ಭಾಗಗಳನ್ನು ಕೊಡಬೇಕೆಂದೂ ಮೊದಲೇ ಹೇಳಬೇಕು. ಮೊತ್ತ ದೊಡ್ಡದಾದರೆ ಇನ್ನೊಂದು ಗ್ಯಾರೇಜಿನಲ್ಲಿಯೂ ಕೇಳಬೇಕು. ಹೀಗೆ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ವಿಮೆಯಿದೆಯಲ್ಲ ಎಂದು ನಂಬಿ ಕೂರಬಾರದು. ಸಾಮಾನ್ಯ ವಿಮೆ ಅಪಘಾತದ ಹಾನಿಗೆ ಕೊಡುತ್ತದೆಯೇ ಹೊರತು ಸವೆತಕ್ಕೆ ಕೊಡುವುದಿಲ್ಲ.

ಹಣದ ಮಾತು ಉಳಿಯಿತು. ಸಂಬಳದ ದಿನ ಐನೂರು ರೂಪಾಯಿ ಗಾಡಿಯ ಹೆಸರಿನಲ್ಲಿ ಬೇರೆ ಇಟ್ಟರೆ ವರ್ಷಕ್ಕೆ ಆರು ಸಾವಿರವಾಗುತ್ತದೆ. ಇದು ನಾವು ಈಗ ಮಾಡುತ್ತಿರುವುದು. ಅದೂ ಸಾಲದೆ ಬಂದರೆ ನೌಕರರ ಸಹಕಾರಿ ಸಂಘದಲ್ಲಿ ಕೇಳಬಹುದು; ಬಡ್ಡಿಯವನ ಬಾಗಿಲಿಗೆ ಹೋಗಬಾರದು. ಅದೂ ಆಗದಿದ್ದರೆ ಗಾಡಿ ಕಟ್ಟಡದ ಕೆಳಗೇ ನಿಂತಿರಲಿ. ಊರಿಗೆ ರೈಲಿದೆ, ಬಸ್ಸಿದೆ.

ಗ್ಯಾರೇಜಿನವರು ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಅದನ್ನು ಓದಲು ತೊಡಕಾಗುವ ಬಾಂಧವರು ಸಂಜೆ ವಾಚನಾಲಯಕ್ಕೆ ತಂದರೆ ನಾವು ಓದಿ ಅರ್ಥ ಹೇಳುತ್ತೇವೆ. ಹಣ ಕೊಡುವ ಮೊದಲೇ ತನ್ನಿ ಎಂದು ವಿನಂತಿ.