ಹರಾಜಿನ ಕೊನೆಯ ನಿಮಿಷ: ಜಾಣತನ ಎಲ್ಲಿಯವರೆಗೆ, ವಂಚನೆ ಎಲ್ಲಿಂದ?



ಬ್ಯಾಂಕು ಸ್ವಾಧೀನಪಡಿಸಿಕೊಂಡ ಮನೆ, ಫೈನಾನ್ಸಿನವರು ಎಳೆದೊಯ್ದ ವಾಹನ, ಸರ್ಕಾರಿ ಕಚೇರಿಯ ಗುಜರಿ ಸಾಮಾನು, ಇವೆಲ್ಲ ಈಗ ಆನ್‌ಲೈನ್ ಹರಾಜಿಗೆ ಬರುತ್ತವೆ. ಕಾರವಾರ, ಅಂಕೋಲಾ ಕಡೆಯ ನಮ್ಮ ಯುವಕರೂ ಮೊಬೈಲ್ ಹಿಡಿದು ಅದರಲ್ಲಿ ಭಾಗವಹಿಸುತ್ತಾರೆ. ಅವರ ಪ್ರಶ್ನೆ ಹೀಗಿದೆ: ಹರಾಜು ಮುಗಿಯುವವರೆಗೆ ಸುಮ್ಮನಿದ್ದು, ಕೊನೆಯ ಕ್ಷಣದಲ್ಲಿ ಬೆಲೆ ಹಾಕಿ ವಸ್ತುವನ್ನು ಪಡೆದುಕೊಂಡರೆ ಅದು ಉಳಿದವರಿಗೆ ಮಾಡಿದ ಮೋಸವಾಗುತ್ತದೆಯೇ? ಜುಮಾ ಖುತ್ಬಾದಲ್ಲಿ ಇದಕ್ಕೆ ನೀಡಿದ ಉತ್ತರದ ಸಾರಾಂಶ ಇಲ್ಲಿದೆ.

ಹರಾಜು ಸ್ವತಃ ಅನುಮತಿಸಲ್ಪಟ್ಟ ವ್ಯಾಪಾರ. ಅನಸ್(ರ) ಅವರ ವರದಿಯೊಂದು ಅಬೂದಾವೂದ್ ಮತ್ತು ಇಬ್ನು ಮಾಜಾ ಗ್ರಂಥಗಳಲ್ಲಿದೆ. ಅನ್ಸಾರ್‌ಗಳಲ್ಲಿ ಒಬ್ಬರು ಸಹಾಯ ಬೇಡಿ ಪ್ರವಾದಿ(ಸ)ರ ಬಳಿಗೆ ಬಂದರು. ಅವರ ಮನೆಯಲ್ಲಿದ್ದದ್ದು ಒಂದು ಬಟ್ಟೆ ಮತ್ತು ಒಂದು ಪಾತ್ರೆ ಮಾತ್ರ. ಪ್ರವಾದಿ(ಸ)ರು ಅವೆರಡನ್ನೂ ತರಿಸಿ ಜನರ ಮುಂದೆ ಹರಾಜಿಗಿಟ್ಟರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟು ಪಡೆದರು. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಸೌದೆ ಕಡಿದು ಮಾರಿದ ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿಕೊಂಡು ಮರಳಿ ಬಂದರು. ಹರಾಜು ಅಲ್ಲಿ ಬಡವನೊಬ್ಬನನ್ನು ಎತ್ತಿ ನಿಲ್ಲಿಸಿತು.

ಈಗ ಕೊನೆಯ ನಿಮಿಷದ ವಿಷಯಕ್ಕೆ ಬರೋಣ. ಹರಾಜು ಮುಗಿಯುವ ಬಗೆ ಎರಡು. ಬೈತಖೋಲ್ ಬಂದರಿನಲ್ಲಿ ಮೀನಿನ ಸವಾಲು ಕೂಗುವುದನ್ನು ನೋಡಿದವರಿಗೆ ಮೊದಲನೆಯದು ಗೊತ್ತು. ಅಲ್ಲಿ ಗಡಿಯಾರಕ್ಕೆ ಅಧಿಕಾರವಿಲ್ಲ. ಯಾರಾದರೂ ಬೆಲೆ ಏರಿಸುತ್ತಿರುವವರೆಗೆ ಕೂಗು ನಡೆಯುತ್ತದೆ, ಎಲ್ಲರೂ ಸುಮ್ಮನಾದಾಗ ನಿಲ್ಲುತ್ತದೆ. ಎರಡನೆಯದರಲ್ಲಿ ಸಮಯವೇ ಯಜಮಾನ. ಹಿಂದೆ ಇಂಗ್ಲೆಂಡಿನಲ್ಲಿ ತುಂಡು ಮೇಣದಬತ್ತಿ ಹಚ್ಚಿಟ್ಟು ಹರಾಜು ಮಾಡುತ್ತಿದ್ದರು. ಬತ್ತಿ ಆರುವ ಮುನ್ನ ಕೊನೆಯದಾಗಿ ಕೂಗಿದವನಿಗೆ ವಸ್ತು. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1662ರ ತನ್ನ ದಿನಚರಿಯಲ್ಲಿ ಒಬ್ಬ ಜಾಣನ ಬಗ್ಗೆ ಬರೆದಿದ್ದಾನೆ. ಬತ್ತಿ ಆರುವಾಗ ಹೊಗೆ ಕೆಳಮುಖವಾಗುತ್ತದೆಂದು ಅವನು ಕಂಡುಕೊಂಡಿದ್ದ. ಅದನ್ನು ನೋಡಿಯೇ ಕೂಗುತ್ತಿದ್ದ, ವಸ್ತು ಅವನದಾಗುತ್ತಿತ್ತು.

ಇಬೇ ತಾಣದ ಹರಾಜು ಈ ಮೇಣದಬತ್ತಿಯ ಬಗೆಯದು. ನಿಗದಿತ ಸೆಕೆಂಡಿಗೆ ಮುಗಿಯುತ್ತದೆ. ಹಿಂದೆ ಅಮೆಜಾನ್ ನಡೆಸುತ್ತಿದ್ದ ಹರಾಜಿನಲ್ಲಾದರೋ 10 ನಿಮಿಷ ಯಾರೂ ಕೂಗದಿದ್ದರೆ ಮಾತ್ರ ಮುಕ್ತಾಯ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಇವೆರಡನ್ನೂ ಹೋಲಿಸಿ 2002ರಲ್ಲಿ ಅಧ್ಯಯನ ಪ್ರಕಟಿಸಿದರು. ಕೊನೆಯ 5 ನಿಮಿಷದಲ್ಲಿ ಅಂತಿಮ ಬೆಲೆ ಬಿದ್ದ ಹರಾಜುಗಳು ಇಬೇಯಲ್ಲಿ ಕಂಪ್ಯೂಟರ್‌ಗಳಿಗೆ ಶೇ. 40, ಹಳೆಯ ಕಲಾವಸ್ತುಗಳಿಗೆ ಶೇ. 59, ಅಮೆಜಾನ್‌ನಲ್ಲಿ ಸುಮಾರು ಶೇ. 3 ಮಾತ್ರ. ಕಲಾವಸ್ತುಗಳಲ್ಲಿ ಹೆಚ್ಚಾಗಲು ಕಾರಣವಿದೆ. ಅನುಭವಿಯೊಬ್ಬ ಬೇಗ ಕೈ ಎತ್ತಿದರೆ ಮಾಲು ಅಸಲಿ ಇರಬೇಕೆಂದು ಉಳಿದವರೂ ಬೆಲೆ ಏರಿಸುತ್ತಾರೆ. ಆದ್ದರಿಂದ ಬಲ್ಲವನು ಬಾಯಿ ಮುಚ್ಚಿಕೊಂಡಿರುತ್ತಾನೆ.

ನಮ್ಮ ದೇಶದ ಬ್ಯಾಂಕ್ ಹರಾಜುಗಳು ಹೆಚ್ಚಾಗಿ ಬೈತಖೋಲಿನ ಬಗೆಯವು. ಕೊನೆಯ ನಿಮಿಷಗಳಲ್ಲಿ ಯಾರಾದರೂ ಬೆಲೆ ಹಾಕಿದರೆ ಸಮಯ ತಾನಾಗಿಯೇ 5 ಅಥವಾ 10 ನಿಮಿಷ ಮುಂದಕ್ಕೆ ಹೋಗುತ್ತದೆ. ಎಷ್ಟು ಸಲ ಏರಿಸಿದರೂ ಅಷ್ಟೂ ಸಲ ಮುಂದಕ್ಕೆ. ಹೀಗಾಗಿ ಹೊಗೆ ನೋಡಿ ಕೂಗುವ ಜಾಣನಿಗೆ ಇಲ್ಲಿ ಲಾಭ ಕಡಿಮೆ. ಹರಾಜು ಪ್ರಕಟಣೆಯಲ್ಲಿ ಈ ನಿಯಮವನ್ನು ಓದಿಕೊಳ್ಳದೆ ಯಾರೂ ಕೈ ಹಾಕಬಾರದು.

ಶರೀಅತ್‌ನ ಉತ್ತರವೇನು? ಕೊಳ್ಳುವವನು ತಾನು ಎಷ್ಟು ಕೊಡಬಲ್ಲೆ ಎಂಬುದನ್ನು ಮೊದಲೇ ಸಾರಬೇಕೆಂಬ ಕಡ್ಡಾಯವಿಲ್ಲ. ವಸ್ತುವಿನ ದೋಷ ಹೇಳುವ ಹೊಣೆ ಮಾರುವವನ ಮೇಲಿದೆ. ಕೊಳ್ಳುವವನ ಮೌನ ವಂಚನೆಯಲ್ಲ. ಸಹೋದರನ ವ್ಯಾಪಾರದ ಮೇಲೆ ವ್ಯಾಪಾರ ಮಾಡಬಾರದೆಂದು ಪ್ರವಾದಿ(ಸ)ರು ತಡೆದದ್ದು ನಿಜ. ಆದರೆ ಅದು ಮಾತುಕತೆ ಕುದುರಿದ ವ್ಯಾಪಾರಕ್ಕೆ ಅನ್ವಯಿಸುತ್ತದೆ. ಹರಾಜಿನಲ್ಲಿ ಮುಕ್ತಾಯದ ತನಕ ಯಾರಿಗೂ ವಸ್ತು ನಿಶ್ಚಯವಾಗಿರುವುದಿಲ್ಲ. ಹಾಗಾಗಿ ಕೊನೆಯ ನಿಮಿಷದಲ್ಲಿ ಕೂಗುವುದು ಜಾಯಿಝ್.

ಹರಾಮ್ ಆಗುವುದು ಬೇರೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದನ್ನು ನಜ್‌ಶ್ ಎನ್ನುತ್ತಾರೆ. ಇದನ್ನು ಪ್ರವಾದಿ(ಸ)ರು ನಿಷೇಧಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಾರುವವನು ಗೆಳೆಯನ ಹೆಸರಲ್ಲಿ ಇನ್ನೊಂದು ಖಾತೆ ತೆರೆದು ತನ್ನ ವಸ್ತುವಿಗೆ ತಾನೇ ಬೆಲೆ ಕೂಗಿಸುವುದು ಈ ಕಾಲದ ನಜ್‌ಶ್. ಹಾಗೆ ನಡೆದ ವ್ಯಾಪಾರ ಸಿಂಧುವೇ ಎಂಬಲ್ಲಿ ಮದ್‌ಹಬ್‌ಗಳ ನಡುವೆ ಚರ್ಚೆಯಿದೆ. ಕೃತ್ಯ ಪಾಪವೆಂಬಲ್ಲಿ ಇಲ್ಲ. ಕೊಳ್ಳುವವರೆಲ್ಲ ಒಳಗೊಳಗೇ ಮಾತಾಡಿಕೊಂಡು ಬೆಲೆ ಏರದಂತೆ ನೋಡಿಕೊಳ್ಳುವುದೂ ಮಾರುವವನ ಹಕ್ಕಿಗೆ ಕೊಡಲಿಯೇಟು. ಇನ್ನು ಕೆಲವು ತಾಣಗಳಲ್ಲಿ ಪ್ರತಿ ಸಲ ಕೂಗಲೂ ಹಣ ಕಟ್ಟಬೇಕು, ಸೋತವನಿಗೆ ಅದು ಮರಳುವುದಿಲ್ಲ. ಇದಕ್ಕೆ ಹರಾಜಿನ ಹೆಸರಿದ್ದರೂ ಒಳಗಿರುವುದು ಜೂಜು. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಹರಾಜನ್ನು ಅನುಮತಿಸುತ್ತಲೇ, ಪ್ರವೇಶ ಶುಲ್ಕ ನಿಜವಾದ ಖರ್ಚನ್ನು ಮೀರಬಾರದು, ವಸ್ತು ಸಿಗದವರ ಠೇವಣಿ ಮರಳಬೇಕು ಎಂದು ಸ್ಪಷ್ಟಪಡಿಸಿದೆ.

ಕೊನೆಯ ನಿಮಿಷದ ದೊಡ್ಡ ಅಪಾಯ ನಮ್ಮ ನಫ್ಸ್‌ನಿಂದಲೇ ಬರುತ್ತದೆ. ಗಡಿಯಾರ ಮುಂದೆ ಮುಂದೆ ಹೋಗುವಾಗ, ‘ಇನ್ನೊಂದು ಸಲ ಮಾತ್ರ’ ಎಂಬ ಹಟ ಹುಟ್ಟುತ್ತದೆ. ಆಗ ನಾವು ಮನೆಗಾಗಿ ಕೂಗುತ್ತಿರುವುದಿಲ್ಲ, ಎದುರಾಳಿಯನ್ನು ಸೋಲಿಸಲು ಕೂಗುತ್ತಿರುತ್ತೇವೆ. ಬ್ಯಾಂಕ್ ಹರಾಜಿನಲ್ಲಿ ಗೆದ್ದವನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ, ಠೇವಣಿಯೂ ಸೇರಿ ಬೆಲೆಯ ಶೇ. 25ನ್ನು ಕಟ್ಟಬೇಕು. ಉಳಿದದ್ದಕ್ಕೆ ಮಾರಾಟ ದೃಢಪಟ್ಟ ಮೇಲೆ ಸಾಮಾನ್ಯವಾಗಿ 15 ದಿನ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಹಟದಲ್ಲಿ ಕೂಗಿ, ಆಮೇಲೆ ಬಡ್ಡಿ ಸಾಲಕ್ಕೆ ಓಡಬೇಡಿ. ಮನೆಯವರೊಂದಿಗೆ ಸಮಾಲೋಚಿಸಿ, ಇಸ್ತಿಖಾರ ಮಾಡಿ, ಗರಿಷ್ಠ ಮೊತ್ತವನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಅದನ್ನು ದಾಟಿದರೆ ‘ಇದು ನನ್ನ ರಿಝ್ಕ್ ಅಲ್ಲ’ ಎಂದು ಮೊಬೈಲ್ ಕೆಳಗಿಡಿ.

ಇನ್ನೊಂದು ಮಾತು. ಹರಾಜಿಗೆ ಬಂದ ಪ್ರತಿ ಮನೆಯ ಹಿಂದೆ ಒಬ್ಬ ಸಾಲಗಾರನಿದ್ದಾನೆ. ಕೊಳ್ಳುವವನು ಕೊನೆಯ ನಿಮಿಷಕ್ಕೆ ಕಾಯಬಹುದು, ಸಾಲಗಾರ ಕಾಯುವಂತಿಲ್ಲ. 2016ರಲ್ಲಿ ಸರ್ಫೇಸಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಹರಾಜಿನ ನೋಟಿಸ್ ಪ್ರಕಟವಾಗುವ ಮುನ್ನವೇ ಪೂರ್ತಿ ಬಾಕಿ ತೀರಿಸಿ ಆಸ್ತಿ ಬಿಡಿಸಿಕೊಳ್ಳಬೇಕು. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅಂದರೆ ಅವನ ಕೊನೆಯ ನಿಮಿಷ ಮೊದಲ ಸವಾಲಿಗಿಂತ ಎಷ್ಟೋ ಮುಂಚೆಯೇ ಮುಗಿದಿರುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ಕುಳಿತವನ ಮನೆಯ ಸುದ್ದಿ ಜಮಾಅತ್‌ಗೆ ತಿಳಿಯುವುದು ಪತ್ರಿಕೆಯಲ್ಲಿ ನೋಟಿಸ್ ಬಂದಾಗ! ಸಂಕಷ್ಟದಲ್ಲಿರುವ ಸಾಲಗಾರನಿಗೆ ಅವಧಿ ಕೊಡಬೇಕೆಂದು ಕುರ್‌ಆನ್ ಕಲಿಸುತ್ತದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವನೂ ಒಬ್ಬ. ಬ್ಯಾಂಕಿನ ಮೊದಲ ಪತ್ರ ಬಂದಾಗಲೇ ಅವನು ಬಾಯಿ ಬಿಡಲಿ, ನಾವು ಕಿವಿ ಕೊಡೋಣ.

ನಮ್ಮ ವ್ಯಾಪಾರದಲ್ಲಿ ಸತ್ಯವನ್ನೂ, ನೆರೆಯವನ ಕಷ್ಟಕ್ಕೆ ಸಕಾಲದಲ್ಲಿ ಒದಗುವ ಮನಸ್ಸನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.